ಕಷಾಯದ ಮೇಲೆ ಒಂದು ಬಟ್ಟಲು ಗಂಜಿ

ಕಿವಿರು ಎತ್ತಿ ನೋಡದೆ ನಾನು ಒಂದು ಬೂತಾಯಿ ಮೀನನ್ನೂ ಬುಟ್ಟಿಗೆ ಹಾಕಿದವಳಲ್ಲ. ಕಾಪುವಿನ ದಡದಲ್ಲಿ ಮೀನು ತೆಗೆದುಕೊಂಡು, ತಲೆಯ ಮೇಲೆ ಬುಟ್ಟಿ ಇಟ್ಟು, ಮನೆಮನೆಗೆ ನಲವತ್ತು ವರ್ಷ ಮಾರಿದ್ದೇನೆ. ಮೇಲಿನ ಸಾಲಿನಲ್ಲಿ ಹೊಳೆಯುವ ಮೀನು ಇಟ್ಟವನು ಕೆಳಗೆ ಎಂತದೋ ಅಡಗಿಸಿದ್ದಾನೆ. ಐಸ್ ಹೆಚ್ಚು ಹಾಕಿದವನು ಯಾಕೆ ಹಾಕಿದ ಎಂದು ಮೊದಲು ಕೇಳಬೇಕು. ನನಗೆ ಬರುವ ವಿದ್ಯೆ ಇಷ್ಟೇ. ಶಾಲೆ ಮೂರನೇ ಕ್ಲಾಸಿಗೆ ಮುಗಿಯಿತು. ಮನೆಯಲ್ಲಿ ಆಡುವುದು ತುಳು. ಕನ್ನಡವನ್ನು ಬಸ್ಸಿನ ಬೋರ್ಡು ಓದಿ, ಗಿರಾಕಿಗಳ ಹತ್ತಿರ ಮಾತಾಡಿ ಕಲಿತೆ. ಇಲ್ಲಿ ಬರೆದ ಮಾತುಗಳೆಲ್ಲ ತುಳುವಿನಲ್ಲಿ ಆಡಿದ್ದು.

ನನ್ನನ್ನು ಅನುಮಾನದ ಮುದುಕಿ ಎನ್ನುತ್ತಾರೆ. ಎನ್ನಲಿ. ಅನುಮಾನ ಪಟ್ಟದ್ದರಿಂದ ನನಗೆ ಒಂದು ದಿನವೂ ಹೊಟ್ಟೆ ಕೆಟ್ಟದ್ದಿಲ್ಲ.

ನನ್ನ ತಂಗಿ ಹಾಗಲ್ಲ. ನನಗಿಂತ ನಾಲ್ಕು ವರ್ಷ ಚಿಕ್ಕವಳು, ಹಿರಿಯಡ್ಕದ ಕಡೆಗೆ ಮದುವೆಯಾಗಿ ಹೋದವಳು. ಜೀವನವಿಡೀ ಬೀಡಿ ಕಟ್ಟಿದಳು. ಗಂಡ ತೀರಿಹೋದ ಮೇಲೆ ಸೊಸೆಯ ಜೊತೆ ಅಲ್ಲೇ ಇದ್ದಾಳೆ, ಮಗ ಊರಿನಿಂದ ದೂರ ಕೆಲಸದಲ್ಲಿ. ಅವಳಿಗೆ ಬಾಯಿಗೆ ಸಿಹಿ ಆದರೆ ಸಾಕು, ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ಕೇಳುವ ಅಭ್ಯಾಸವೇ ಇಲ್ಲ.

ಆಟಿ ಅಮಾವಾಸ್ಯೆಯ ದಿನ, ಅಂದರೆ ಆಷಾಢದ ಅಮಾವಾಸ್ಯೆಗೆ, ನಮ್ಮಲ್ಲಿ ಪಾಲೆ ಮರದ ಕೆತ್ತೆಯ ಕಷಾಯ ಕುಡಿಯುತ್ತಾರೆ. ಬೆಳಕಾಗುವ ಮೊದಲು ಗಂಡಸರು ಹೋಗಿ, ಕತ್ತಿ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು. ಅದನ್ನು ಬೆಳ್ಳುಳ್ಳಿ, ಕಾಳುಮೆಣಸು, ಓಮದ ಜೊತೆ ಗುದ್ದಿ ರಸ ಹಿಂಡಿ, ಬೆಂಕಿಯಲ್ಲಿ ಕಾಸಿದ ಬಿಳಿ ಕಲ್ಲನ್ನು ಅದರೊಳಗೆ ಹಾಕುತ್ತಾರೆ. ಖಾಲಿ ಹೊಟ್ಟೆಗೆ ಕುಡಿದರೆ ವರ್ಷದ ಕಾಯಿಲೆ ಹತ್ತಿರ ಬರುವುದಿಲ್ಲ ಎಂದು ಲೆಕ್ಕ. ಕಹಿ ಎಂದರೆ ನಾಲಗೆಯನ್ನು ತೆಗೆದು ಬಿಸಾಡುವಾ ಎನಿಸುವ ಕಹಿ. ಅದರ ಉಷ್ಣಕ್ಕೆ ಕೂಡಲೇ ಮೆಂತೆ ಗಂಜಿ ಉಣ್ಣಬೇಕು. ಅಕ್ಕಿ, ಮೆಂತೆ, ತೆಂಗಿನ ಹಾಲು, ಬೆಲ್ಲ ಹಾಕಿ ಬೇಯಿಸಿದ್ದು. ಚಿಕ್ಕಂದಿನಲ್ಲಿ ನನ್ನ ತಂಗಿ ಮೂಗು ಹಿಡಿದು ಕಷಾಯ ನುಂಗಿ ಗಂಜಿಯ ಪಾತ್ರೆಯ ಎದುರು ಕೂರುತ್ತಿದ್ದಳು. ಅವಳು ಕಷಾಯ ಕುಡಿದದ್ದು ಗಂಜಿಗಾಗಿ. ನಾನು ಕುಡಿದದ್ದು ಕಾಯಿಲೆ ಬಾರದಿರಲಿ ಎಂದು. ನನ್ನ ಪಾಲಿನ ಗಂಜಿ ಅರ್ಧವೂ ಅವಳ ಬಟ್ಟಲಿಗೇ ಹೋಗುತ್ತಿತ್ತು.

ನಾನು ಮದುವೆಯಾಗಿ ಕಾಪುವಿಗೆ ಬಂದ ಎರಡನೇ ವರ್ಷ ನಮ್ಮ ನೆರೆಮನೆಯವನು ಕತ್ತಲೆಯಲ್ಲಿ ಪಾಲೆ ಎಂದು ಕಾಸರಕದ ತೊಗಟೆ ತಂದ. ಕಾಸರಕ ವಿಷ. ಅದೂ ಕಹಿ, ಇದೂ ಕಹಿ, ಕುಡಿಯುವವನಿಗೆ ಎಂತ ಗೊತ್ತಾಗುತ್ತದೆ. ತಂದವನೇ ಮೊದಲು ಕುಡಿದ. ಹೆಂಡತಿ ಮಕ್ಕಳು ಬಾಯಿಗೆ ಇಡುವ ಮೊದಲೇ ಅವನ ದವಡೆ ಕಚ್ಚಿಕೊಂಡಿತು. ಮೈ ಬಿಲ್ಲಿನ ಹಾಗೆ ಹಿಂದಕ್ಕೆ ಬಗ್ಗಿತು. ನಾಲ್ಕು ಜನ ಹಿಡಿದರೂ ನೆಟ್ಟಗೆ ಮಾಡಲಿಕ್ಕೆ ಆಗಲಿಲ್ಲ. ಮಧ್ಯಾಹ್ನದೊಳಗೆ ಹೋದ. ನಾನು ನೋಡಿದ್ದೇನೆ. ಆಮೇಲೆ ನನ್ನ ಗಂಡ ಪ್ರತಿ ವರ್ಷ ಹಿಂದಿನ ದಿನವೇ, ಹಗಲಲ್ಲಿ, ನನ್ನನ್ನು ಕರೆದುಕೊಂಡು ಹೋಗಿ ಸರಿಯಾದ ಮರಕ್ಕೆ ನೂಲು ಕಟ್ಟಿ ಬರುತ್ತಿದ್ದರು. ಪಾಲೆಯ ಎಲೆ ಒಂದೇ ಗೆಣ್ಣಿನಲ್ಲಿ ಏಳಾಗಿ ಸುತ್ತಲೂ ಇರುತ್ತದೆ, ತೊಗಟೆ ಜಜ್ಜಿದರೆ ಹಾಲು ಬರುತ್ತದೆ. ಕಾಸರಕದ ಎಲೆ ಎರಡೆರಡು, ಹಾಲು ಇಲ್ಲ. ಗಂಡ ತೀರಿಹೋದ ಮೇಲೆ ನಾನು ಕಷಾಯ ಬಿಟ್ಟೆ. ಬೇರೆಯವರ ಕಣ್ಣನ್ನು ನಂಬಿ ಕುಡಿಯುವುದಕ್ಕಿಂತ ಒಂದು ಜ್ವರ ಬಂದು ಹೋಗಲಿ.

ಈಗ ತಂಗಿಯ ಕಾಲಿನ ವಿಷಯ. ಹೋದ ವರ್ಷ ಬೇಸಗೆಯಲ್ಲಿ ಅವಳ ಚಪ್ಪಲಿಯೊಳಗೆ ಒಂದು ಮೊಳೆ ಎದ್ದಿತ್ತು. ಇಡೀ ದಿನ ಅದರ ಮೇಲೆ ನಡೆದಳು. ನೆಲದಲ್ಲಿ ರಕ್ತದ ಹೆಜ್ಜೆ ನೋಡಿ ಸೊಸೆ ಹೇಳಿದ ಮೇಲೆ ಅವಳಿಗೆ ಗೊತ್ತಾದದ್ದು. ಅವಳಿಗೆ ಹದಿನೈದು ವರ್ಷದಿಂದ ಶುಗರ್ ಉಂಟು. ಗಾಯ ಕಿರುಬೆರಳಿನ ಪಕ್ಕದ ಬೆರಳಿಗೆ. ಎರಡು ತಿಂಗಳಾದರೂ ಒಣಗಲಿಲ್ಲ. ಮಣಿಪಾಲದ ಆಸ್ಪತ್ರೆಗೆ ಹೋಗುವಾಗ ನಾನೂ ಜೊತೆಗೆ ಹೋದೆ. ಡಾಕ್ಟರಿಗೆ ಹೇಳುವುದು ಒಂದು, ಮನೆಗೆ ಬಂದು ಹೇಳುವುದು ಇನ್ನೊಂದು ಮಾಡುವವಳು ಅವಳು. ಅದಕ್ಕೇ ಹೋದದ್ದು.

ಅಲ್ಲಿ ಒಬ್ಬಳು ಚಿಕ್ಕ ಪ್ರಾಯದ ಡಾಕ್ಟರು ಒಂದು ಕಾಗದ ತೋರಿಸಿದಳು. ಸಾಲಾಗಿ ಆರು ಮುಖದ ಚಿತ್ರ. ಒಂದನೆಯದು ನಗುತ್ತಿತ್ತು, ಕೊನೆಯದು ಅಳುತ್ತಿತ್ತು. ನಿಮ್ಮ ನೋವು ಯಾವುದು, ಬೆರಳಿಟ್ಟು ತೋರಿಸಿ ಎಂದಳು. ತಂಗಿ ನಗುವ ಮುಖದ ಮೇಲೆ ಬೆರಳಿಟ್ಟಳು. ನೋವೇ ಇಲ್ಲ ಡಾಕ್ಟ್ರೇ, ಸುಮ್ಮನೆ ಇವರು ಕರೆದುಕೊಂಡು ಬಂದದ್ದು ಎಂದಳು.

ಡಾಕ್ಟರು ನಗಲಿಲ್ಲ. "ನೋವಿಲ್ಲ ಅಂತಲೇ ನನಗೆ ಹೆದರಿಕೆ ಅಮ್ಮ" ಎಂದಳು. ಕಾಲಿನ ನರ ಸತ್ತಿದೆ, ನೋವು ಇದ್ದಿದ್ದರೆ ಮೊಳೆ ಚುಚ್ಚಿದ ಕೂಡಲೇ ಕಾಲು ಎತ್ತುತ್ತಿದ್ದಿರಿ ಎಂದು ಬಿಡಿಸಿ ಹೇಳಿದಳು. ಗಾಯ ಮುಚ್ಚುವವರೆಗೆ ಶುಗರ್ ಏರಬಾರದು. ಏರಿದರೆ ಬೆರಳು ತೆಗೆಯಬೇಕಾದೀತು. ಬೆಲ್ಲ, ಸಕ್ಕರೆ, ಪಾಯಸ ಒಂದು ಚಮಚವೂ ಬೇಡ ಎಂದಳು.

ನನಗೆ ಆ ಕಾಗದದ ಮೇಲೆ ಸಂಶಯ ಬಂತು. ನೋವಿಲ್ಲದವರು ನಗುತ್ತಾರೆ ಎಂದು ಅದನ್ನು ಬರೆದವನಿಗೆ ಯಾರು ಹೇಳಿದರು? ನನಗೆ ಮೊಣಕಾಲು ಬಿಟ್ಟರೆ ಬೇರೆ ನೋವಿಲ್ಲ. ಹಾಗಂತ ನಾನು ಕೂತು ನಗುತ್ತೇನಾ? ಹೋಗುವ ಬಸ್ಸಿನಲ್ಲಿ ಮುಖ ನೋಡಿ, ಎಷ್ಟು ಜನ ನಗುತ್ತಾರೆ. ಆದರೆ ಅದನ್ನು ಡಾಕ್ಟರಿಗೆ ಹೇಳಲಿಕ್ಕೆ ಹೋಗಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಟ್ಟರೆ ನಮ್ಮ ಮೇಲೂ ಒಂದು ಚೀಟಿ ಬರೆಯುತ್ತಾರೆ.

ಅಲ್ಲಿಂದ ಎರಡು ತಿಂಗಳು ಸೊಸೆ ಕಾವಲು ಕೂತಳು. ಒಳ್ಳೆಯ ಹೆಂಗಸು, ಗಟ್ಟಿ ಕೈ. ಬೆಲ್ಲದ ಡಬ್ಬಿಯನ್ನು ಕಪಾಟಿನೊಳಗೆ ಇಟ್ಟು ಬೀಗ ಹಾಕಿದಳು. ಗಾಯ ಸ್ವಲ್ಪ ಸ್ವಲ್ಪ ಮುಚ್ಚುತ್ತಾ ಬಂತು. ಹಾಗಿರುವಾಗ ತಂಗಿ ನನಗೆ ಫೋನು ಮಾಡಿದಳು. ಆಟಿ ಅಮಾವಾಸ್ಯೆಗೆ ಬಾ ಅಕ್ಕ ಎಂದಳು. ಹತ್ತು ವರ್ಷದಿಂದ ಕರೆಯದವಳು ಈಗ ಯಾಕೆ ಕರೆಯುತ್ತಾಳೆ? ಅದಕ್ಕೂ ಅವಳ ಹತ್ತಿರ ಉತ್ತರ ಇತ್ತು. ಪಕ್ಕದ ಮನೆಯ ರಿಕ್ಷಾದವನು ಆ ಸಾಲಿನ ಎಲ್ಲ ಮನೆಗೂ ಕೆತ್ತೆ ತಂದುಕೊಡುತ್ತಾನಂತೆ, ನೀನು ಬಂದು ನೋಡಿ ಸರಿ ಅಂದರೆ ಮಾತ್ರ ಕುಡಿಯುವುದು ಎಂದಳು. ನನ್ನ ಕಿವಿ ನೆಟ್ಟಗಾಯಿತು. ಅವಳು ಬೇರೆಯವರ ಮಾತು ಕೇಳಿ ಒಂದು ಕೆಲಸ ಮಾಡಿದ್ದನ್ನು ನಾನು ಕಂಡವಳಲ್ಲ. ಕಷಾಯದ ಹಿಂದೆ ಗಂಜಿ ಇದೆ ಎಂದು ನನಗೆ ಗೊತ್ತಾಗದೆ ಇರಲಿಲ್ಲ. ತಡೆಯಲಿಕ್ಕೆಂದೇ ಹೊರಟೆ. ಹಿಂದಿನ ದಿನ ಕಾಪುವಿನಿಂದ ಉಡುಪಿಗೆ ಹೋಗಿ, ಕಾರ್ಕಳದ ಬಸ್ಸು ಹಿಡಿದು, ಮಳೆಯಲ್ಲಿ ನೆನೆಯುತ್ತಾ ಹೋಗಿ ಮುಟ್ಟಿದೆ.

ಬೆಳಿಗ್ಗೆ ಎದ್ದು ನೋಡಿದರೆ ಗೇಟಿಗೆ ಒಂದು ಪ್ಲಾಸ್ಟಿಕ್ ತೊಟ್ಟೆ ತೂಗುತ್ತಿತ್ತು. ಒಳಗೆ ತೊಗಟೆ. ಮಳೆಗೆ ತೊಳೆದುಹೋಗಿ ಹಾಲಿನ ಗುರುತೂ ಇಲ್ಲ. ಮೂಸಿದೆ. ಉಗುರಿನಿಂದ ಕೆರೆದೆ. ಒದ್ದೆ ಕಟ್ಟಿಗೆಯ ವಾಸನೆ, ಬೇರೆ ಎಂತದೂ ಇಲ್ಲ. ಗುದ್ದಲಿಕ್ಕೆ ಹೊರಟ ಸೊಸೆಯನ್ನು ನಿಲ್ಲಿಸಿ, ಮರ ನೋಡದೆ ಇದು ಒಳಗೆ ಬರುವುದಿಲ್ಲ ಎಂದೆ. ರಿಕ್ಷಾದವನನ್ನು ಕರೆಸಿದೆ. ಅವನು ಹಲ್ಲುಜ್ಜುತ್ತಲೇ ಬಂದ. ಯಾವ ಮರ, ಎಷ್ಟು ಹೊತ್ತಿಗೆ ಹೋದದ್ದು, ಕಲ್ಲಿನಿಂದಲೋ ಕತ್ತಿಯಿಂದಲೋ ಎಂದೆಲ್ಲ ಕೇಳಿದೆ. ಮೊದಲೆಲ್ಲ ಮೈಮೇಲೆ ಬಟ್ಟೆ ಇಲ್ಲದೆ, ದೀಪ ಇಲ್ಲದೆ ಹೋಗಬೇಕಿತ್ತು. ಇವನು ಬರ್ಮುಡಾ ಹಾಕಿಕೊಂಡು ಮೊಬೈಲಿನ ಬೆಳಕು ಹಿಡಿದು ಹೋದವನು. ಅದು ಒಳ್ಳೆಯದೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

"ನಾನೆಂತ ನಿಮ್ಮನ್ನು ಕೊಲ್ಲಲಿಕ್ಕೆ ತಂದದ್ದಾ ಅಜ್ಜಿ?" ಎಂದ. ಬೇಜಾರಾಗಿತ್ತು ಅವನಿಗೆ.

"ಕೊಲ್ಲಬೇಕು ಅಂತ ಯಾರೂ ತರುವುದಿಲ್ಲ ಮಾರಾಯ. ನಮ್ಮ ನೆರೆಮನೆಯವನೂ ಹಾಗೆ ತಂದದ್ದಲ್ಲ. ರಿಕ್ಷಾ ತೆಗೆ."

ಮುಖ್ಯ ರಸ್ತೆಯಿಂದ ಒಳಗೆ ಹೋಗಿ ರಿಕ್ಷಾ ನಿಂತಿತು. ಅಲ್ಲಿಂದ ಗುಡ್ಡ ಹತ್ತಬೇಕು. ಕೆಂಪು ಮಣ್ಣು ಜಾರುತ್ತಿತ್ತು. ನನ್ನ ಎಡಮೊಣಕಾಲು ಹತ್ತು ಹೆಜ್ಜೆಗೆ ಒಮ್ಮೆ ಕಟಕಟ ಎಂದಿತು. ಬೇಡ ಅಜ್ಜಿ, ನಾನು ಎಲೆ ಕಿತ್ತು ತರುತ್ತೇನೆ ಎಂದು ಅವನು ಎರಡು ಸಲ ಹೇಳಿದ. ನೀನು ಯಾವ ಮರದ ಎಲೆ ತರುತ್ತೀ ಎಂದು ನನಗೆ ಹೇಗೆ ಗೊತ್ತಾಗುವುದು? ಕೊಡೆಯನ್ನೇ ಊರಿಕೊಂಡು ನೆನೆದು ಹತ್ತಿದೆ.

ಮರ ಸರಿ ಇತ್ತು. ಏಳೆಲೆಯ ಪಾಲೆ. ಎದೆಯೆತ್ತರಕ್ಕೆ ತೊಗಟೆ ಎದ್ದ ಗಾಯ, ಕಲ್ಲಿನ ಜಜ್ಜು. ನಾನೂ ಒಂದು ಕಲ್ಲು ಹೆಕ್ಕಿ ಪಕ್ಕದಲ್ಲಿ ಜಜ್ಜಿದೆ. ಹಾಲು ಬಂತು. ಹತ್ತು ಮಾರು ದೂರದಲ್ಲಿ ಒಂದು ಕಾಸರಕವೂ ಇತ್ತು, ನನ್ನ ಅನುಮಾನ ಸುಮ್ಮನೆ ಅಲ್ಲ. ಅದರ ಸುತ್ತ ಒಂದು ಸುತ್ತು ಬಂದೆ. ಒಂದು ಗೀರೂ ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ನಿರಾಸೆಯಾಯಿತು. ವಿಷವಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಕಷಾಯವೂ ಇಲ್ಲ, ಗಂಜಿಯೂ ಇಲ್ಲ, ತಂಗಿಯ ಬೆರಳೂ ಉಳಿಯುತ್ತಿತ್ತು. ಈಗ ಅವಳ ಬಾಯಿಗೆ ಬೇರೆ ಬೀಗ ಹುಡುಕಬೇಕು.

ಮನೆಗೆ ಬಂದು ನಾನೇ ಗುದ್ದಿದೆ, ನಾನೇ ಹಿಂಡಿದೆ. ನಾನೇ ಮೊದಲು ಕುಡಿದೆ. ಗೋಡೆಯ ಗಡಿಯಾರ ನೋಡುತ್ತಾ ಅರ್ಧ ಗಂಟೆ ಕೂತೆ. ದವಡೆ ಆಡಿಸಿ ನೋಡಿದೆ, ಕುತ್ತಿಗೆ ತಿರುಗಿಸಿ ನೋಡಿದೆ. ತಂಗಿ ಎದುರಿಗೆ ಕೂತು ನನ್ನನ್ನೇ ನೋಡುತ್ತಿದ್ದಳು. ಸತ್ತಿಯಾ ಎಂದು ಒಮ್ಮೆ ಕೇಳಿದಳು. ಆಮೇಲೆ ಅವಳಿಗೆ ಅರ್ಧ ಲೋಟ ಕೊಟ್ಟೆ. ಈಗಲೂ ಮೂಗು ಹಿಡಿದೇ ಕುಡಿದಳು.

ಕುಡಿದು ಲೋಟ ಕೆಳಗಿಟ್ಟವಳು ಗಂಜಿ ಎಂದಳು.

ಸೊಸೆ ನನ್ನ ಮುಖ ನೋಡಿದಳು. ನಾನು ಬೇಡ ಎಂದೆ. ಡಾಕ್ಟರು ಹೇಳಿದ್ದು ನೆನಪಿಲ್ಲವಾ, ಬೆರಳು ತೆಗೆಯುತ್ತಾರೆ ಎಂದೆ. ತಂಗಿ ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆ, ಮಾಡಲಿಲ್ಲ. ಕಾಲನ್ನು ಮುಂದಕ್ಕೆ ಚಾಚಿ, ಬಟ್ಟೆ ಸುತ್ತಿದ ಬೆರಳನ್ನು ಸಂತೆಯಲ್ಲಿ ಸಾಮಾನು ನೋಡಿದ ಹಾಗೆ ನೋಡಿದಳು.

"ಬೆರಳು ಹತ್ತು ಉಂಟು ಅಕ್ಕ. ಆಟಿ ಅಮಾವಾಸ್ಯೆ ನನಗೆ ಇನ್ನು ಎಷ್ಟು ಉಂಟು, ನೀನು ಹೇಳು."

"ಕಾಲು ಹೋದರೆ ಎಂತ ಮಾಡ್ತಿ? ಸೊಸೆ ಹೊತ್ತುಕೊಂಡು ತಿರುಗಬೇಕಾ?"

"ಅದು ಹೋದಾಗ ಅಲ್ವಾ. ನೀನು ಎಲ್ಲ ಉಳಿಸಿಕೊಂಡೆ. ಉಳಿಸಿದ್ದನ್ನು ಎಂತ ಮಾಡಿದ್ದಿ?"

ಕೋಪದಲ್ಲಿ ಆಡಿದ ಮಾತಲ್ಲ. ಬೂತಾಯಿ ಉಂಟಾ ಎಂದು ಕೇಳಿದ ಹಾಗೆ ಕೇಳಿದಳು. ಅದಕ್ಕೇ ನನಗೆ ಸಿಟ್ಟು ಬಂತು. ನಾನು ಎಂತ ಮಾಡಿದ್ದೇನೆ? ಹೋಟೆಲಿನಲ್ಲಿ ಉಣ್ಣಲಿಲ್ಲ, ಹೊಟ್ಟೆ ಕೆಡುತ್ತದೆ ಎಂದು. ಗಂಡ ಒಮ್ಮೆ ಕಾರ್ಕಳಕ್ಕೆ ಹೋಗುವಾ, ಬೆಟ್ಟದ ಮೇಲಿನ ದೊಡ್ಡ ಕಲ್ಲಿನ ಮೂರ್ತಿ ನೋಡುವಾ ಎಂದಿದ್ದರು. ಮೆಟ್ಟಿಲು ಹತ್ತಿದರೆ ಸೊಂಟ ಹಿಡಿಯುತ್ತದೆ ಎಂದೆ. ಅವರು ಒಬ್ಬರೇ ಹೋಗಿ ಬಂದರು. ನಾನು ಮನೆಯಲ್ಲಿ ಒಣಮೀನಿಗೆ ಉಪ್ಪು ಹಾಕಿದೆ. ಸೊಂಟ ಆಮೇಲೂ ಹಿಡಿಯಿತು, ಬೇರೆ ಕಾರಣಕ್ಕೆ. ಇದನ್ನೆಲ್ಲ ಅವಳಿಗೆ ಹೇಳಲಿಲ್ಲ. ಸೊಸೆಯ ಹತ್ತಿರ ಬೀಗದ ಕೈ ಕೇಳಿದೆ.

ಗಂಜಿ ನಾನೇ ಬೇಯಿಸಿದೆ. ಬೆಲ್ಲ ಅರ್ಧಕ್ಕೆ ಅರ್ಧ ಕಡಿಮೆ ಹಾಕಿದೆ. ಕಹಿ ಕುಡಿದ ನಾಲಗೆಗೆ ಗೊತ್ತಾಗುವುದಿಲ್ಲ ಎಂದುಕೊಂಡೆ. ಮುಕ್ಕಾಲು ಬಟ್ಟಲು ಬಡಿಸಿ ಎದುರಿಗೇ ಕೂತೆ. ತಂಗಿ ಒಂದು ಚಮಚ ಬಾಯಿಗಿಟ್ಟಳು, ನಿಲ್ಲಿಸಿದಳು, ನನ್ನನ್ನು ನೋಡಿದಳು. ಸೊಸೆ ನೀರು ತರಲಿಕ್ಕೆ ಒಳಗೆ ಹೋದಳು. ಆಗ ತಂಗಿ ಸೊಂಟದ ಗಂಟಿನಿಂದ ಬೀಡಿ ಎಲೆಯ ಒಂದು ಸಣ್ಣ ಪೊಟ್ಟಣ ತೆಗೆದಳು. ಬಿಡಿಸಿದರೆ ಬೆಲ್ಲದ ತುಂಡು, ನೆಲ್ಲಿಕಾಯಿಯಷ್ಟು ದೊಡ್ಡದು. ಬೀಗ ಹಾಕಿದ ಮನೆಯಲ್ಲಿ ಅದು ಎಲ್ಲಿಂದ ಬಂತು, ಎಷ್ಟು ದಿನದಿಂದ ಅಲ್ಲಿ ಇತ್ತು, ಈ ಹೊತ್ತಿಗೂ ಹೇಳಿಲ್ಲ. ಬೆರಳಿನಿಂದ ಪುಡಿ ಮಾಡಿ ಗಂಜಿಗೆ ಹಾಕಿ ಕಲಸಿದಳು.

ನಾನು ನೋಡಿದೆ. ಕೈ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಸೊಸೆಯನ್ನು ಕರೆಯಬಹುದಿತ್ತು, ಕರೆಯಲಿಲ್ಲ.

ಅವಳು ಉಂಡಳು. ಅವಸರ ಇಲ್ಲ. ಒಂದೊಂದು ಚಮಚಕ್ಕೂ ಕಣ್ಣು ಅರ್ಧ ಮುಚ್ಚುತ್ತಿತ್ತು. ಬಟ್ಟಲಿನ ಅಂಚಿಗೆ ಹತ್ತಿದ್ದನ್ನು ಬೆರಳಿನಿಂದ ಒರೆಸಿ ನೆಕ್ಕಿದಳು. ಎಪ್ಪತ್ತರ ಹತ್ತಿರದ ಹೆಂಗಸು, ಬಾಯಲ್ಲಿ ಹಲ್ಲು ಅರ್ಧ ಇಲ್ಲ. ಆಸ್ಪತ್ರೆಯ ಕಾಗದದಲ್ಲಿ ಆರು ಮುಖ ಇದ್ದವು ಎಂದೆನಲ್ಲ, ಆ ಆರರಲ್ಲಿ ಈ ಮುಖ ಇರಲಿಲ್ಲ.

ನನ್ನ ಪಾಲಿನ ಗಂಜಿಯನ್ನು ನಾನೂ ಉಂಡೆ. ಬೆಲ್ಲ ಕಡಿಮೆಯಾಗಿತ್ತು, ಚಪ್ಪೆ ಚಪ್ಪೆ. ನಾನೇ ಹಾಕಿದ್ದು, ಯಾರನ್ನು ಬೈಯುವುದು.

ಗುಡ್ಡ ಹತ್ತಿದ್ದಕ್ಕೆ ನನ್ನ ಮೊಣಕಾಲು ಹತ್ತು ದಿನ ಊದಿಕೊಂಡು ಕೂತಿತು. ತಂಗಿಯ ಗಾಯ ಮತ್ತೆ ತೆರೆಯಿತು. ಮುಂದಿನ ತಿಂಗಳು ಮಣಿಪಾಲದಲ್ಲಿ ಬೆರಳು ತೆಗೆದರು. ಅದೇ ಚಿಕ್ಕ ಪ್ರಾಯದ ಡಾಕ್ಟರು ಎಂತ ತಿಂದಿರಿ, ಯಾವಾಗ ತಿಂದಿರಿ ಎಂದು ಕೇಳಿದಳು. ತಂಗಿ ಸ್ವಲ್ಪವೂ ಹಿಂದೆಮುಂದೆ ನೋಡದೆ ನನ್ನ ಕಡೆ ಕೈ ತೋರಿಸಿದಳು.

"ಅಕ್ಕ ಮಾಡಿ ಕೊಟ್ಟಳು ಡಾಕ್ಟ್ರೇ. ದೊಡ್ಡವಳು. ಬೇಡ ಹೇಳಲಿಕ್ಕೆ ಆಗ್ತದಾ?"

ಡಾಕ್ಟರು ನನಗೆ ಬೈದಳು. ನಿಂತು ಕೇಳಿದೆ. ಆಗ ನನಗೆ ಎಲ್ಲ ಒಂದೊಂದಾಗಿ ಕಂಡಿತು. ಹತ್ತು ವರ್ಷ ಕರೆಯದವಳು ಯಾಕೆ ಕರೆದಳು, ಕೆತ್ತೆ ನೋಡಲಿಕ್ಕೆ ನೀನೇ ಬೇಕು ಎಂದು ಯಾಕೆ ಹೇಳಿದಳು. ಅವಳಿಗೆ ರಿಕ್ಷಾದವನ ಮೇಲೆ ಅನುಮಾನವೇ ಇರಲಿಲ್ಲ. ಸೊಸೆಯ ಹತ್ತಿರದ ಬೀಗದ ಕೈ ತೆಗೆಸಲಿಕ್ಕೆ ಮನೆಗೆ ಒಬ್ಬಳು ಹಿರಿಯಳು ಬೇಕಿತ್ತು. ನಾನು ಮರದ ಗಾಯ ನೋಡಿದೆ, ಹಾಲು ನೋಡಿದೆ, ಕಾಸರಕದ ಸುತ್ತ ಸುತ್ತಿದೆ. ತಂಗಿಯ ಕಿವಿರು ಎತ್ತಿ ನೋಡಲಿಲ್ಲ.

ಬೆರಳು ಗಂಜಿಯಿಂದಲೇ ಹೋಯಿತಾ ಎಂದು ಆಮೇಲೆ ಡಾಕ್ಟರನ್ನು ಬೇರೆಯಾಗಿ ಕೇಳಿದೆ. ಒಳಗೆ ಎಲುಬಿಗೆ ಕೀವು ಮುಂಚೆಯೇ ಹತ್ತಿತ್ತು, ಒಂದು ದಿನದ ಗಂಜಿಯಿಂದ ಅಂತ ಹೇಳಲಿಕ್ಕಾಗುವುದಿಲ್ಲ ಎಂದಳು. ನನಗೆ ಸಮಾಧಾನವಾಗಲಿ ಎಂದು ಹೇಳಿದಳೋ, ನಿಜವೋ, ನನಗೆ ಗೊತ್ತಿಲ್ಲ. ಸಮಾಧಾನದ ಮಾತೆಂದರೆ ಐಸಿನ ಹಾಗೆ, ಕೆಳಗೆ ಎಂತ ಉಂಟು ಎಂದು ನೋಡಲೇಬೇಕು.

ಬಾಡಿಗೆ ಕಾರಿನಲ್ಲಿ ಮನೆಗೆ ಬರುವಾಗ ಸೊಸೆ ಡ್ರೈವರನ ಪಕ್ಕ ಕೂತಿದ್ದಳು. ತಂಗಿ ಕಾಲು ಚಾಚಿ ನನ್ನ ಪಕ್ಕದಲ್ಲಿ ಕೂತಿದ್ದಳು. ನೋವುಂಟಾ ಎಂದು ಕೇಳಿದೆ. ಇಲ್ಲ ಎಂದಳು. ಬೇಜಾರುಂಟಾ ಎಂದು ಕೇಳಿದೆ. ಅವಳು ನನ್ನ ಹತ್ತಿರ ಬಗ್ಗಿ, ಸೊಸೆಗೆ ಕೇಳದ ಹಾಗೆ ಹೇಳಿದಳು:

"ಬೆರಳು ಹೇಗೂ ಹೋಯಿತು. ನೀನು ಬೆಲ್ಲ ಸರಿಯಾಗಿ ಹಾಕಬಹುದಿತ್ತು."

ನೋವು ತಪ್ಪಿಸಿಕೊಳ್ಳುವುದು ದೊಡ್ಡದೋ, ಸುಖ ಹುಡುಕುವುದು ದೊಡ್ಡದೋ, ನನ್ನನ್ನು ಕೇಳಬೇಡಿ. ತಪ್ಪಿಸಿಕೊಂಡವಳಿಗೆ ಹತ್ತು ಬೆರಳೂ ಉಂಟು, ಮೊಣಕಾಲು ಇಲ್ಲ. ಹುಡುಕಿದವಳಿಗೆ ಒಂಬತ್ತು. ಇಬ್ಬರೂ ಕುಂಟುತ್ತೇವೆ. ಅವಳು ನನಗಿಂತ ಜೋರಾಗಿ ನಡೆಯುತ್ತಾಳೆ. ಅದರ ಮೇಲೂ ನನಗೆ ಸಂಶಯ ಉಂಟು.

ಈ ವರ್ಷದ ಆಟಿ ಅಮಾವಾಸ್ಯೆಗೆ ಅವಳು ಫೋನು ಮಾಡಲಿಲ್ಲ. ನಾನೇ ಎರಡು ದಿನ ಮೊದಲು ಹೋದೆ. ರಿಕ್ಷಾದವನು ನನ್ನನ್ನು ಕಂಡ ಕೂಡಲೇ, ಕೇಳುವ ಮೊದಲೇ, ರಿಕ್ಷಾ ತೆಗೆದ. ಗಾಯ ಈಗ ಮುಚ್ಚಿದೆ, ಶುಗರ್ ಹಿಡಿತದಲ್ಲಿ ಉಂಟು ಎಂದು ಸೊಸೆ ಹೇಳಿದಳು. ಕಾಗದ ತರಿಸಿ ನಾನೇ ಓದಿದೆ, ಅಂಕೆ ಓದಲಿಕ್ಕೆ ನನಗೆ ಬರುತ್ತದೆ. ಗುಡ್ಡಕ್ಕೆ ಹಗಲಲ್ಲೇ ಹೋಗಿ, ಕೂತು ಎದ್ದು ಹತ್ತಿ, ಪಾಲೆ ಮರಕ್ಕೆ ಬಿಳಿ ನೂಲು ಕಟ್ಟಿ ಬಂದೆ. ಗಂಡ ಕಟ್ಟುತ್ತಿದ್ದ ಹಾಗೆ ಮೂರು ಸುತ್ತು. ಅಮಾವಾಸ್ಯೆಯ ಬೆಳಿಗ್ಗೆ ಬೀಗದ ಕೈ ಕೇಳಿ ತೆಗೆದುಕೊಂಡು ಗಂಜಿ ಮಾಡಿದೆ. ತಂಗಿ ಒಂದು ಚಮಚ ಬಾಯಿಗಿಟ್ಟು ನನ್ನನ್ನು ನೋಡಿದಳು. ಸೊಂಟದ ಗಂಟಿಗೆ ಕೈ ಹಾಕಲಿಲ್ಲ.

ಬೆಲ್ಲ ಎಷ್ಟು ಹಾಕಿದೆ ಎಂದು ಇಲ್ಲಿ ಬರೆಯುವುದಿಲ್ಲ. ಸೊಸೆಗೆ ಓದಲಿಕ್ಕೆ ಬರುತ್ತದೆ.